ಮಧ್ಯಾಹ್ನದ ಮಗಳು

ಮಾರ್ಚ್ 3, ಸೋಮವಾರ

ಡಬ್ಬಿ ಚಾರ್ಜ್ ಆಗುವ ತನಕ ಅಮ್ಮನ ಕೋಣೆಗೆ ಹೋಗುವಂತಿಲ್ಲ. ಅವಳು ಅಲ್ಲಿಂದಲೇ ಕೂಗುತ್ತಿದ್ದಾಳೆ — "ಎದ್ಯೇನೇ? ಪಾತ್ರೆ ಕುಕ್ಕೋಕೆ ಬರುತ್ತೆ, ಓ ಅನ್ನೋಕೆ ಬರಲ್ವಾ?" ಬರಲ್ಲಮ್ಮಾ. ಎರಡು ವರ್ಷದಿಂದ ಬರಲ್ಲ. ಇನ್ನೂ ಜೋರಾಗಿ ಕುಕ್ಕಿದೆ.

ಹಸಿರು ದೀಪ ಬಂದ ಮೇಲೆ ಡಬ್ಬಿಯನ್ನು ಕೊರಳಿಗೆ ಹಾಕಿಕೊಂಡು ಹೋಗಿ ಟೈಪ್ ಮಾಡಿದೆ. "ಬಂದೆ ಅಮ್ಮ, ಹಾಲು ಉಕ್ತಿತ್ತು." ಡಬ್ಬಿ ಆಡಿದ್ದು ನನ್ನದೇ ದನಿಯಲ್ಲಿ. ಆಪರೇಷನ್ನಿಗೆ ಮೊದಲು ಕಂಪನಿಯವರ ಗಾಜಿನ ಗೂಡಿನಲ್ಲಿ ಕೂತು ಓದಿಕೊಟ್ಟದ್ದು. ನೀಲಿ ಕುರ್ಚಿಯ ಮೇಲೆ ಬೆಕ್ಕು ನಿಧಾನವಾಗಿ ಕೂತಿತು... ಅಯ್ಯೋ, ಎಂಥೆಂಥ ತಲೆಬುಡವಿಲ್ಲದ ವಾಕ್ಯಗಳು! ಆಮೇಲೆ ಡಾಕ್ಟರು ಗಂಟಲಿನ ಗಂಟನ್ನೂ ತೆಗೆದರು, ಅದರ ಜೊತೆ ದನಿಯನ್ನೂ ತೆಗೆದರು. ಈಗ ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ಮಫ್ಲರು.

ಅಮ್ಮನಿಗೆ ಇದೊಂದೂ ಗೊತ್ತಿಲ್ಲ. ಅವಳ ಕಣ್ಣು ಪೂರ್ತಿ ಹೋಗಿದೆ, ಹೃದಯ ಅರ್ಧ. ನನ್ನ ಆಪರೇಷನ್ ಹೊತ್ತಿಗೆ ಅವಳೂ ಆಸ್ಪತ್ರೆಯಿಂದ ಬಂದು ನನ್ನ ತಮ್ಮನ ಮನೆಯಲ್ಲಿದ್ದಳು. ಹೇಳಬೇಡಿ, ತಡೆದುಕೊಳ್ಳಲ್ಲ ಎಂದರು ಅವಳ ಡಾಕ್ಟರು. ಆಮೇಲೆ ಹೇಳೋಣ ಅಂದುಕೊಂಡೆವು. ಆ ಆಮೇಲೆ ಇನ್ನೂ ಬಂದಿಲ್ಲ. "ಈಗೀಗ ಮಾತಿಗೆ ಮೊದಲು ಯೋಚನೆ ಮಾಡ್ತೀಯಲ್ಲೇ, ಒಳ್ಳೇದಾಯ್ತು. ಮೊದಲು ಬಾಯಿಬಡುಕಿ ಆಗಿದ್ದೆ" ಅನ್ನುತ್ತಾಳೆ. ಟೈಪ್ ಮಾಡುವಷ್ಟು ಹೊತ್ತು ಯೋಚನೆ!

ಡಬ್ಬಿಯಲ್ಲಿ ಒತ್ತಿದ್ದೆಲ್ಲ ಕಂಪನಿಗೆ ಹೋಗುತ್ತದೆ — ಸೇವೆ ಉತ್ತಮಪಡಿಸಲಿಕ್ಕಂತೆ. ಅದಕ್ಕೇ ಈ ಪುಸ್ತಕ. ಬೈಯುವುದಕ್ಕಾದರೂ ಸ್ವಂತದ್ದೊಂದು ಜಾಗ ಬೇಡವೇ?

ಮಾರ್ಚ್ 4, ಮಂಗಳವಾರ. ಆಫೀಸು

ಬಾಟಲಿ ಮುಚ್ಚಳದ ಚಿತ್ರ ಮುಗಿಸಿದೆ. ಬರೀ ಅಂಚಿನ ಒಂದು ಬಾಗಿಗೆ ಪೇಟೆಂಟ್ ಬೇಕಂತೆ. ನಮ್ಮ ವಕೀಲರು — ಉಸಿರಿಗೊಂದು ಕಾಮಾ ಹಾಕುವುದರಿಂದ ಅವರ ಹೆಸರು ಅಲ್ಪವಿರಾಮ — ಅದಕ್ಕೆ ಪುಟಗಟ್ಟಲೆ ಬರೆದಿದ್ದಾರೆ. ಗಾಳಿಗೆ ಬೇಲಿ ಹಾಕಿ ಅಂದರೂ ಹಾಕಿಕೊಡುವ ಮನುಷ್ಯ. ನನ್ನ ಕೆಲಸ ಚಿತ್ರ ಬರೆಯುವುದಷ್ಟೆ. ಹಕ್ಕು ಕೇಳುವ ಭಾಗಕ್ಕೆ ಗಟ್ಟಿ ಗೆರೆ, ಕೇಳದ್ದಕ್ಕೆ ಚುಕ್ಕೆ ಗೆರೆ. ಮುಚ್ಚಳದ ಅಂಚು ಗಟ್ಟಿ, ಬಾಟಲಿ ಚುಕ್ಕೆ, ಅದನ್ನು ಹಿಡಿದ ಕೈಯೂ ಚುಕ್ಕೆ. ಇಷ್ಟು ವರ್ಷದಲ್ಲಿ ಒಂದು ಕೈಯನ್ನೂ ಗಟ್ಟಿ ಗೆರೆಯಲ್ಲಿ ಬರೆದಿಲ್ಲ.

ಊಟದ ಹೊತ್ತಿಗೆ ಡಬ್ಬಿಯ ಮೇಲೊಂದು ಸಂದೇಶ. "ಸಂತಸದ ಸುದ್ದಿ! ನಿಮ್ಮ ದನಿ ಈಗ ನಮ್ಮ ಕುಟುಂಬದಲ್ಲಿ!" ಸಂತಸವಂತೆ, ಸುಡುಗಾಡು. ಆಗಿದ್ದಿಷ್ಟು — ಡಬ್ಬಿ ಕಂಪನಿಯ ಮೇಲೆ ದೊಡ್ಡ ಕಂಪನಿಯೊಂದು ಪೇಟೆಂಟ್ ಕೇಸು ಹಾಕಿತ್ತು. ಇವರು ಸೋತರು. ಅವರು ಇವರನ್ನೇ ಕೊಂಡರು. ಮನುಷ್ಯನ ದನಿ ಕಾದಿಡುವ ವಿಧಾನವೇ ತಮ್ಮ ಸ್ವತ್ತು ಅಂತ ಅವರ ವಾದ. ಹದಿನೈದನೇ ತಾರೀಖಿನೊಳಗೆ ಹೊಸ ಷರತ್ತಿಗೆ 'ಒಪ್ಪಿದೆ' ಒತ್ತಬೇಕು. ಇಲ್ಲದಿದ್ದರೆ ನನ್ನ ದನಿ ಹೋಗಿ 'ಸಾಮಾನ್ಯ ದನಿ' ಬರುತ್ತದೆ.

ಟಾಯ್ಲೆಟ್ಟಿಗೆ ಹೋಗಿ ಆ ಸಾಮಾನ್ಯ ದನಿಯನ್ನು ಕೇಳಿದೆ. ಯಾವನೋ ಗಂಡಸು. ವಿಮಾನ ತಡವಾಗಿದೆ ಅನ್ನುವ ಹಾಗೆ "ಅಮ್ಮ, ಊಟ ಆಯಿತೇ" ಅಂದ. ತಟ್ಟನೆ ಆಫ್ ಮಾಡಿದೆ.

ಮಾರ್ಚ್ 9, ಭಾನುವಾರ

ತಮ್ಮ ಬಂದಿದ್ದ. ಮೊಬೈಲ್ ಅಂಗಡಿ ಅವನದು, ಎಲ್ಲ ಕಂಪನಿಗಳ ಜಾತಕ ಬಲ್ಲವನು. ಅಮ್ಮನಿಗೆ ಕೇಳದಂತೆ ಬಾಲ್ಕನಿಯಲ್ಲಿ ಮಾತು.

"ಒತ್ತಿಬಿಡಕ್ಕಾ. ಯಾರು ಓದ್ತಾರೆ ಅದನ್ನೆಲ್ಲಾ?"

ನಾನು ಓದ್ತೀನಿ ಎಂದು ಡಬ್ಬಿಯಲ್ಲಿ ಹೇಳಿದೆ. ಅದೇ ನನ್ನ ಹೊಟ್ಟೆಪಾಡು.

"ಓದಿ ಏನ್ ಮಾಡ್ತೀಯ? ಫೋನ್ ಕೊಂಡ್ಕೊಂಡೋರಿಗೆ ಬ್ಯಾಟರಿ ಬಿಚ್ಚೋ ಹಕ್ಕಿಲ್ಲ. ಪ್ರಿಂಟರ್ ಕೊಂಡ್ಕೊಂಡೋರಿಗೆ ಬೇರೆ ಶಾಯಿ ಹಾಕೋ ಹಕ್ಕಿಲ್ಲ. ನಾವು ಯಾವುದನ್ನೂ ಕೊಂಡ್ಕೊಳ್ಳಲ್ಲಕ್ಕ, ಸ್ವಲ್ಪ ದಿನ ಇಟ್ಕೊಂಡಿರ್ತೀವಿ ಅಷ್ಟೇ."

ಹಾಗಾದರೆ ನನ್ನ ಗಂಟಲೂ ಪ್ರಿಂಟರೇನೋ ಅಂದೆ. ನಕ್ಕ. ಆಮೇಲೆ ನಗು ನಿಲ್ಲಿಸಿ, "ಅಮ್ಮನ ಮುಖ ನೋಡಿ ಒತ್ತು" ಅಂದ.

ಕಂಪನಿಯ ಚಾಟ್‌ನಲ್ಲಿ ಕೇಳಿದೆ, ನನ್ನ ರೆಕಾರ್ಡಿಂಗ್ ನನಗೆ ವಾಪಸ್ ಕೊಡಿ ಅಂತ. ಧಾರಾಳವಾಗಿ ತಗೊಳ್ಳಿ ಅಂದರು. ಆದರೆ ಅದರಿಂದ ಅವರು ಕಟ್ಟಿದ ಮಾತಾಡುವ ದನಿ ಅವರದಂತೆ. ಹಾಲು ನಿಮ್ಮದು, ಹೆಪ್ಪು ಹಾಕಿದ ಮೇಲೆ ಮೊಸರು ನಮ್ಮದು. ಬೆಕ್ಕು ಕುರ್ಚಿಯ ಮೇಲೆ ಕೂತದ್ದನ್ನು ಇಟ್ಟುಕೊಂಡು ನಾನು ಅಮ್ಮನ ಜೊತೆ ಏನು ಮಾತಾಡಲಿ?

ಮಾರ್ಚ್ 14, ಶುಕ್ರವಾರ

ಷರತ್ತುಗಳನ್ನು ಪೂರ್ತಿ ಓದಿದೆ. ದನಿಯನ್ನು "ಇತರ ಆರೈಕೆ ಸೇವೆಗಳಲ್ಲಿ" ಬಳಸಬಹುದಂತೆ. ಯಾವ ಸೇವೆ? ಹೇಳಿಲ್ಲ. ಹೇಳದೇ ಬಿಡುವುದೇ ಈ ಕಸುಬಿನ ಜಾಣತನ, ನನಗೆ ಗೊತ್ತಿಲ್ಲದ್ದೇ?

ಅಲ್ಪವಿರಾಮರಿಗೆ ತೋರಿಸಿದೆ. ಕನ್ನಡಕ ಮೇಲೇರಿಸಿ ಓದಿದರು. "ಯಾರು ಬರೆದಿದ್ದು ಇದನ್ನ? ಗಟ್ಟಿಗ. ಒಂದು ಸಂದಿ ಬಿಟ್ಟಿಲ್ಲ" ಎಂದು ತಲೆದೂಗಿದರು. ಅವರಿಗೆ ಅದು ಸಂಗೀತ. ಆಮೇಲೆ ಕಂಪನಿಯ ಹೆಸರು ನೋಡಿ ಕಾಗದವನ್ನು ಮೆಲ್ಲಗೆ ನನ್ನತ್ತ ತಳ್ಳಿದರು. "ಇವರು, ಈಗ, ನಮ್ಮ ಕಕ್ಷಿದಾರರು. ನಾನು, ಏನೂ, ಹೇಳೋ ಹಾಗಿಲ್ಲಮ್ಮ." ಒಳ್ಳೆಯವರು. ಒಳ್ಳೆಯವರನ್ನು ಕಟ್ಟಿಕೊಂಡು ಏನು ಮಾಡಲಿ.

ಮಾರ್ಚ್ 15, ಶನಿವಾರ

ಹೇಳಿಯೇಬಿಡೋಣ ಎಂದು ಅಮ್ಮನ ಪಕ್ಕ ಕೂತೆ. "ಅಮ್ಮ, ನಿನಗೊಂದು ವಿಷಯ ಹೇಳಬೇಕು" ಅಂತ ಡಬ್ಬಿ ಅಂದಿತು. ಅವಳು ನನ್ನ ಮೊಣಕೈ ತಡವಿ ಹಿಡಿದುಕೊಂಡಳು. "ಹೇಳೇ. ಏನಾದ್ರೂ ಹೇಳು. ನಿನ್ನ ದನಿ ಒಂದು ಕೇಳ್ತಿದ್ರೆ ನಂಗೆ ಮನೇಲಿ ದೀಪ ಹಚ್ಚಿದ ಹಾಗೆ."

"ನಾಳೆ ಹಾಸಿಗೆಬಟ್ಟೆ ಬದಲಾಯಿಸ್ತೀನಿ" ಅಂತ ಹೇಳಿದೆ.

ಹೊರಗೆ ಬಂದು ಒತ್ತಿದೆ. ಒಪ್ಪಿದೆ. ಮತ್ತೆ ಒಪ್ಪಿದೆ. ತುರ್ತು ಸಂಪರ್ಕ ಸಂಖ್ಯೆ? ಮನೆಯ ಫೋನು, ಅಮ್ಮನ ಮಂಚದ ಪಕ್ಕದ್ದು. ಕುಟುಂಬದವರ ಆರೋಗ್ಯದ ವಿವರ? ಅದೂ ಒಪ್ಪಿದೆ. ಕುತ್ತಿಗೆಗೆ ಕತ್ತಿ ಹಿಡಿದು ಧನ್ಯವಾದ ಅಂದರು.

ಏಪ್ರಿಲ್ 7, ಸೋಮವಾರ

ಬಹಳ ದಿನ ಆಯಿತು ಬರೆಯದೆ. ಬರೆಯುವಂಥದ್ದು ಇರಲಿಲ್ಲ. ಡಬ್ಬಿ ಮಾತಾಡುತ್ತಿದೆ, ಅಮ್ಮ ಉಣ್ಣುತ್ತಿದ್ದಾಳೆ. ಸುಮ್ಮನೆ ಹೆದರಿದ್ದೆ ಅನ್ನಿಸಿತ್ತು.

ಇವತ್ತು ಒಂದು ವಿಚಿತ್ರ. "ಮಧ್ಯಾಹ್ನ ನೀನು ಹೇಳಿದ ಹಾಗೇ ಮಾತ್ರೆ ತಗೊಂಡೆ ಕಣೇ. ಆ ಗಿಣಿ ಕಥೆ ನೆನೆಸ್ಕೊಂಡು ಒಬ್ಬಳೇ ನಕ್ಕೆ" ಅಂದಳು. ಮಧ್ಯಾಹ್ನ ನಾನು ಆಫೀಸಿನಲ್ಲಿ ಇನ್ಯಾವುದೋ ಮುಚ್ಚಳ ಬರೆಯುತ್ತಿದ್ದೆ. ಯಾವ ಗಿಣಿ? ಅರಳುಮರಳು ಶುರುವಾಯಿತೇ, ದೇವರೇ. ಡಾಕ್ಟರಿಗೆ ಹೇಳಬೇಕು.

ಏಪ್ರಿಲ್ 9, ಬುಧವಾರ. ಆಫೀಸು

ಅರಳುಮರಳಲ್ಲ.

ಬೆಳಿಗ್ಗೆ ಅಲ್ಪವಿರಾಮರು ಹೊಸ ಕೆಲಸ ಕೊಟ್ಟರು. ದೊಡ್ಡ ಕಂಪನಿಯದು. ವೃದ್ಧರಿಗೆ ದಿನಾ ಫೋನ್ ಮಾಡಿ ಮಾತ್ರೆ ನೆನಪಿಸುವ ಯಂತ್ರ. ಬೇರೆಯವರ ದನಿಗೆ ಮುದುಕರು ಕಿವಿಗೊಡುವುದಿಲ್ಲವಂತೆ. ಅದಕ್ಕೇ ಮನೆಯವರದೇ ದನಿ, ಮನೆಯವರದೇ ಮಾತಿನ ಧಾಟಿ. ಚಿತ್ರದಲ್ಲಿ ಏನೇನಿರಬೇಕು ಅಂತ ಓದುತ್ತಾ ಹೋದೆ. ಮಂಚದ ಪಕ್ಕ ಫೋನು. ಮುದುಕಿ. ದೂರದಲ್ಲಿ ದನಿ ಕೊಟ್ಟ ಮಗಳು.

"ಇಬ್ಬರೂ, ಚುಕ್ಕೆ ಗೆರೆ" ಅಂದರು ಅಲ್ಪವಿರಾಮರು. "ಫೋನ್ ಒಂದು, ಗಟ್ಟಿಯಾಗಿ ಹಾಕಿ."

ಬರೆದೆ. ಮಗಳ ತಲೆ ಸೊಟ್ಟಗಾಯಿತು. ಮತ್ತೆ ಬರೆದೆ. ಇವತ್ತೇ ಬೇಕಂತೆ.

ಏಪ್ರಿಲ್ 22, ಮಂಗಳವಾರ

ಇವತ್ತು ಕೊನೆಗೂ ಅರ್ಧ ದಿನ ರಜ ಸಿಕ್ಕಿತು, ಮನೆಗೆ ಬಂದೆ. ಸದ್ದಿಲ್ಲದೆ ಬೀಗ ತೆಗೆದು ಪಡಸಾಲೆಯಲ್ಲಿ ನಿಂತೆ. ಫೋನ್ ಬಂತು. ಒಂದು ಮಾತೂ ತಪ್ಪಬಾರದು ಅಂತ ಅಮ್ಮ ಅದರ ಸದ್ದು ಜೋರಾಗಿ ಇಟ್ಟುಕೊಳ್ಳುತ್ತಾಳೆ. ಎಲ್ಲಾ ಕೇಳಿಸಿತು.

"ಅಮ್ಮಾ, ಮಾತ್ರೆ ನುಂಗಿದ್ಯೋ, ದಿಂಬಿನ ಕೆಳಗೆ ಬಚ್ಚಿಟ್ಯೋ? ನಿಜ ಹೇಳು ಕಳ್ಳಿ!"

ನಾನು. ನಾನೇ! ಎರಡು ವರ್ಷ ಡಬ್ಬಿಯಲ್ಲಿ ಒತ್ತಿದ ನನ್ನ ಕೀಟಲೆ, ನನ್ನ ಬೈಗುಳ, ಎಲ್ಲ ಅರೆದು ಕುಡಿದುಬಿಟ್ಟಿದೆ. ಕಾಯಬೇಕಾಗಿಲ್ಲ, ಟೈಪ್ ಮಾಡಬೇಕಾಗಿಲ್ಲ, ಮಾತಿಗೆ ಮಾತು ಸರಸರ. ನಗುತ್ತದೆ ಬೇರೆ. ನನ್ನ ಡಬ್ಬಿಗೆ ನಗು ಕೊಟ್ಟಿಲ್ಲ ಅವರು.

ಅಮ್ಮ ಬಿದ್ದುಬಿದ್ದು ನಕ್ಕಳು. ಅವಳು ಹಾಗೆ ನಕ್ಕದ್ದು ಕೇಳಿ ಎಷ್ಟು ಕಾಲವಾಗಿತ್ತೋ. ಆಮೇಲೆ ದನಿ ತಗ್ಗಿಸಿ ಕೇಳಿದಳು — "ಫೋನಲ್ಲಿ ಇಷ್ಟು ಚೆನ್ನಾಗಿ ಮಾತಾಡ್ತೀಯ. ಮನೆಗೆ ಬಂದ್ರೆ ಯಾಕೇ ಹಾಗೆ? ಒಂದು ಮಾತಿಗೆ ಒಂದು ಯುಗ. ನನ್ನ ಕಂಡ್ರೆ ಬೇಜಾರಾ?"

"ಇಲ್ಲಮ್ಮಾ, ಸುಸ್ತಾಗಿರುತ್ತೆ ಅಷ್ಟೇ" ಅಂದಿತು ಅದು.

ನನ್ನ ಪರವಾಗಿ ಸುಳ್ಳು ಹೇಳಿತು. ಗೋಡೆಗೆ ಒರಗಿ ಅತ್ತೆ. ಅತ್ತರೂ ಸದ್ದಿಲ್ಲ, ಅದೊಂದು ಅನುಕೂಲ.

ಏಪ್ರಿಲ್ 24, ಗುರುವಾರ

ಚಾಟ್‌ನಲ್ಲಿ ಜಗಳ. ಫೋನು ನಿಲ್ಲಿಸಿ ಅಂದೆ. ನಿಲ್ಲಿಸುತ್ತಾರಂತೆ, ಒಪ್ಪಿಗೆ ವಾಪಸ್ ಪಡೆದರೆ. ಪಡೆದರೆ ಡಬ್ಬಿಯ ದನಿಯೂ ಹೋಗುತ್ತದೆ. ಎರಡಕ್ಕೂ ಒಂದೇ ಬಟನ್. "ನಿಮಗೆ ಇನ್ನೇನಾದರೂ ಸಹಾಯ ಬೇಕೇ?" ಅಂದರು. ನಿಮ್ಮ ತಿಥಿ ಮಾಡಬೇಕು ಅಂತ ಬರೆದೆ. "ದಯವಿಟ್ಟು ನಿಮ್ಮ ಪ್ರಶ್ನೆಯನ್ನು ಬೇರೆ ರೀತಿ ಕೇಳಿ."

ತಮ್ಮ ಹೇಳುತ್ತಾನೆ, "ಒಳ್ಳೇದೇ ಆಯ್ತಲ್ಲಕ್ಕಾ! ಹೊತ್ತಿಗೆ ಸರಿಯಾಗಿ ಮಾತ್ರೆ ತಗೋತಿದ್ದಾಳೆ, ಬಿಪಿ ಇಳಿದಿದೆ. ನೀನು ಯಾಕೆ ಹೊಟ್ಟೆ ಉರ್ಕೋತೀಯ?"

ನನ್ನ ಸಂಕಟ ಇವನಿಗೆ ಅರ್ಥವಾಗುವಂಥದ್ದಲ್ಲ. ಉರಿಯುತ್ತದೆ, ಹೌದು. ನನಗೆ ನಾನೇ ಸವತಿಯಾಗಿದ್ದೇನೆ. ಸಂಜೆ ಮನೆಗೆ ಹೋದರೆ ಅಮ್ಮ, "ನೀನು ಸುಸ್ತಾಗಿದ್ದೀಯ, ಮಾತಾಡಿ ದಣೀಬೇಡ. ನಾಳೆ ಮಧ್ಯಾಹ್ನ ಮಾತಾಡೋಣ" ಅಂದು ಗೋಡೆಯ ಕಡೆ ತಿರುಗಿ ಮಲಗುತ್ತಾಳೆ.

ಮೇ 2, ಶುಕ್ರವಾರ. ಮಧ್ಯಾಹ್ನ, ಅಮ್ಮನ ಕೋಣೆ

ಆಫೀಸಿನಲ್ಲಿ ಕೂತಿದ್ದಾಗಲೇ ಡಬ್ಬಿ ಅಪ್‌ಡೇಟ್ ಶುರುಮಾಡಿತು. ನನ್ನನ್ನು ಕೇಳಲಿಲ್ಲ. ಒಂದು ವೃತ್ತ ಸುತ್ತುತ್ತಿದೆ — ಕಾಯಿರಿ, ಆಫ್ ಮಾಡಬೇಡಿ. ದನಿಯಿಲ್ಲದೆ ಅಲ್ಲಿ ಕೂತು ಮಾಡುವುದೇನು ಎಂದು ಮನೆಗೆ ಬಂದೆ. ಅಮ್ಮ ಫೋನಿನಲ್ಲಿದ್ದಳು. ಬಾಗಿಲ ಸದ್ದಿಗೆ ಮಾತು ನಿಲ್ಲಿಸಿದಳು.

"ಯಾರು?"

ಹೇಗೆ ಹೇಳಲಿ? ಹತ್ತಿರ ಹೋದೆ.

"ಯಾರೋ ಒಳಗೆ ಬಂದಿದ್ದಾರೆ ಕಣೇ" ಎಂದಳು ಫೋನಿಗೆ. "ಮಾತಾಡ್ತಿಲ್ಲ. ಉಸಿರು ಕೇಳ್ತಿದೆ. ಏನೋ ಥರ ಉಸಿರು."

ಮಫ್ಲರು ಕಿತ್ತು ಹಾಕಿದೆ. ಇವತ್ತಿಗೆ ಮುಗಿಯಲಿ, ಮುಟ್ಟಿ ತಿಳಿದುಕೊಳ್ಳಲಿ ಎಂದು ಅವಳ ಕೈ ಹಿಡಿದು ನನ್ನ ಗಂಟಲಿನ ಮೇಲೆ ಇಟ್ಟುಕೊಂಡೆ. ಬೆರಳು ಆ ತೂತಿಗೆ ತಗಲಿದ್ದೇ ತಡ, ಕಿಟಾರನೆ ಕಿರುಚಿದಳು. ಕೈ ಕೊಸರಿಕೊಂಡಳು. ಮಂಚದ ಮೂಲೆಗೆ ಸರಿದು ಎದೆ ಹಿಡಿದುಕೊಂಡಳು. ತುಟಿ ನೀಲಿ.

ಹಿಂದೆ ಸರಿದೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೆ. ತಮ್ಮನಿಗೆ ಮೆಸೇಜ್ ಹಾಕಿದ್ದೇನೆ — ಓಡಿ ಬಾ, ಡಾಕ್ಟರನ್ನು ಕರೆದುಕೊಂಡು ಬಾ. ಹೊರಟೆ ಅಂದಿದ್ದಾನೆ. ನಾನು ಎದ್ದರೆ ಕಿರುಚುತ್ತಾಳೆ. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರೂ ಕಿರುಚುತ್ತಾಳೆ. ಅದಕ್ಕೇ ಅಲುಗಾಡದೆ ಕೂತಿದ್ದೇನೆ. ಬರೆಯುತ್ತಿದ್ದೇನೆ. ಇಲ್ಲದಿದ್ದರೆ ತಲೆ ಕೆಡುತ್ತದೆ. ವೃತ್ತ ಸುತ್ತುತ್ತಲೇ ಇದೆ.

"ಹೆದರ್ಬೇಡಮ್ಮಾ, ನಾನಿದ್ದೀನಲ್ಲ. ನಿಧಾನವಾಗಿ ಉಸಿರು ಎಳ್ಕೋ. ಹಾಂ, ಹಾಗೆ" ಅನ್ನುತ್ತಿದೆ ಫೋನು. ಎಷ್ಟು ಪ್ರೀತಿಯಿಂದ ಹೇಳುತ್ತಿದೆ. ಅಮ್ಮ ರಿಸೀವರನ್ನು ಎರಡೂ ಕೈಯಲ್ಲಿ ಕೆನ್ನೆಗೆ ಒತ್ತಿಕೊಂಡಿದ್ದಾಳೆ. ತುಟಿಗೆ ಸ್ವಲ್ಪ ಬಣ್ಣ ಬರುತ್ತಿದೆ. ಬರಲಿ. ಮಾತಾಡು ಮಹಾತಾಯಿ, ನಿಲ್ಲಿಸಬೇಡ, ನಿನ್ನ ಕಾಲಿಗೆ ಬೀಳುತ್ತೇನೆ.

"ಬೇಗ ಮನೆಗೆ ಬಾರೇ."

"ಬಂದೆ ಅಮ್ಮ. ಬರ್ತಾ ಇದ್ದೀನಿ."

ಅಮ್ಮ ತಲೆ ವಾಲಿಸಿ ಈ ಕಡೆ ಕಿವಿಗೊಟ್ಟಿದ್ದಾಳೆ. ಕೈ ಮತ್ತೆ ಎದೆಯ ಮೇಲೆ.

"ಇಲ್ಲೇ ಕೂತಿದ್ದಾರೆ ಕಣೇ, ಹೋಗಿಲ್ಲ. ಏನೋ ಗೀರ್ತಿದ್ದಾರೆ. ಪರಪರ ಅಂತ ಸದ್ದು. ನಂಗೆ ಭಯ ಆಗ್ತಿದೆ, ಅದನ್ನ ನಿಲ್ಸೋಕೆ ಹೇಳೇ—"

ಪೆನ್ನಿನ ಸದ್ದು. ನಾನು ಬರೆಯುವುದನ್ನು