ಏಣಿ ಒರಗಿಸುವ ರೀತಿ

ಜೂನ್ ೧೪, ಭಾನುವಾರ

ಟಿವಿಯಲ್ಲಿ ಆ ಹಳೇ ಕಪ್ಪು-ಬಿಳುಪು ಹಾಸ್ಯ ಸಿನಿಮಾ ಹಾಕಿದ್ದು ತಪ್ಪಾಯಿತೇನೋ ಎಂದು ಸಂಜೆ ಅನಿಸಿತು. ಭಾವ ಗೋಡೆಗೆ ಬಣ್ಣ ಬಳಿಯುವವರು. ಏಣಿಯಿಂದ ಬಿದ್ದು ಮುರಿದ ಕಾಲು ಕೂಡಿ ಎರಡು ತಿಂಗಳಾದರೂ ಏಣಿಯತ್ತ ಸುಳಿದಿಲ್ಲ. ಚಿತ್ರದಲ್ಲೂ ಒಬ್ಬ ಬಣ್ಣದವನು, ಏಣಿ ಸಮೇತ ಹಿಂದಕ್ಕೆ ವಾಲಿ, ಪೊಲೀಸಪ್ಪನ ಮೇಲೇ ದಬಕ್ಕನೆ ಬಿದ್ದ! ನಾನು ಆರಿಸಲು ರಿಮೋಟ್ ತಡಕಿದೆ.

ಭಾವ ಟಿವಿಯೊಳಗಿನವನ ಮೇಲೆ ಸಿಡುಕಿದರು: "ಏಣಿ ಹೀಗಾ ಒರಗಿಸೋದು? ಬುಡ ಇನ್ನೂ ದೂರ ಎಳೀಬೇಕಲ್ಲೋ, ದಡ್ಡ!"

ತೋರಿಸಲೆಂದು ಹಿತ್ತಲಿನ ಏಣಿ ತಂದು ಗೋಡೆಗಿಟ್ಟು, ಬೈಯುತ್ತಲೇ ನಾಲ್ಕು ಮೆಟ್ಟಿಲು ಹತ್ತಿಬಿಟ್ಟರು. ಆಮೇಲೆ ಕೆಳಗೆ ನೋಡಿದರು. ಮುಖ ಬಿಳುಚಿತು.

ಅಕ್ಕ ಓಡಿ ಏಣಿ ಹಿಡಿದಳು. "ಇಳೀತೀರಾ?"

"ಹತ್ತಿದ್ದಾಯ್ತಲ್ಲೇ. ಬಣ್ಣ ಕೊಡು, ಈ ಮೂಲೆ ಹೋದ ವರ್ಷದಿಂದ ಹಾಗೇ ಇದೆ."

ಮೂಲೆ ಮುಗಿಸಿಯೇ ಇಳಿದರು. ಅಕ್ಕನ ತಲೆ ತುಂಬ ಹಸಿರು ಬಣ್ಣ. ಆದರೂ ಅವಳ ನಗು ನೋಡಬೇಕಿತ್ತು, ಅದನ್ನು ಹೇಗೆ ಬರೆಯಲಿ...