ಹಿಗ್ಗಿದ ಹರಳು

ಶಿವಮೊಗ್ಗ
17 ಫೆಬ್ರವರಿ 1996

ಅಪ್ಪಾಜಿಗೆ ರಂಜಿನಿಯ ನಮಸ್ಕಾರ.

ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಭದ್ರಾವತಿಯಲ್ಲಿರುತ್ತೇನೆ. ಆದರೂ ಕಾಗದ ಬರೆಯುತ್ತಿದ್ದೇನೆ. ಇದನ್ನು ನಿಮ್ಮ ಮುಖ ನೋಡಿಕೊಂಡು ಹೇಳಲಾರೆ.

ಸೋಮವಾರ ಇಲ್ಲಿನ ಕಾಲೇಜಿನಲ್ಲಿ ನನ್ನ ಉಪನ್ಯಾಸ. ಗೆಳತಿ ತನುಜಾಳ ಮನೆಯಲ್ಲಿದ್ದೇನೆ. ಮೈಸೂರಿನಲ್ಲಿ ನನ್ನದು ಪ್ರೋಟೀನಿನ ಹರಳುಗಳ ಕೆಲಸವಲ್ಲವೇ? ಎರಡು ಹರಳುಗಳ ಒಳಗೆ ಕಣಗಳ ಜೋಡಣೆಯೂ ಅಳತೆಯೂ ಒಂದೇ ಇದ್ದರೆ ಅವನ್ನು ಸಮರೂಪಿ ಎನ್ನುತ್ತೇವೆ. ಜೋಡಣೆ ಅದೇ ಇದ್ದು ಅಳತೆ ತುಸು ಹಿಗ್ಗಿದ್ದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ನನಗೆ ಅಂಥದೊಂದು ಸಿಕ್ಕಿತು, ಮೊದಲನೆಯದಕ್ಕಿಂತ ನೂರಕ್ಕೆ ಒಂದು ಪಾಲು ದೊಡ್ಡದು. ಜಂಬದಿಂದ 'ಒಡಹುಟ್ಟುರೂಪಿ' ಎಂದು ಹೊಸ ಪದವನ್ನೇ ಕಟ್ಟಿ ಉಪನ್ಯಾಸ ಬರೆದೆ.

ನಿನ್ನೆ ತನುಜಾಳ ಸ್ಕೇಲನ್ನು ನನ್ನದರ ಪಕ್ಕ ಇಟ್ಟೆ. ಗೆರೆಗಳು ಕೂಡಲಿಲ್ಲ. "ಇದ್ಯಾವ ಊರಿನ ಸೆಂಟಿಮೀಟರೇ ಮಾರಾಯ್ತಿ" ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಅದು ನಿಮ್ಮ ಸ್ಕೇಲು ಅಪ್ಪಾಜಿ. ಎರಕದ ಕಬ್ಬಿಣ ಆರಿದಾಗ ಕುಗ್ಗುತ್ತದೆಂದು ಮರದ ಅಚ್ಚನ್ನು ಅಷ್ಟು ದೊಡ್ಡದಾಗಿ ಮಾಡಲು ಗೆರೆಗಳನ್ನೇ ಹಿಗ್ಗಿಸಿದ ಸ್ಕೇಲು. ಹಾಸ್ಟೆಲಿಗೆ ಹೊರಟಾಗ, ನಿಮ್ಮ ಕೈಯ ವಸ್ತು ಒಂದು ಜೊತೆಗಿರಲಿ ಎಂದು ಪೆಟ್ಟಿಗೆಯಿಂದ ಕೇಳದೆ ತೆಗೆದುಕೊಂಡಿದ್ದೆ. ಮೊದಲ ಹರಳಿನ ಎಕ್ಸ್‌ರೇ ಫಿಲ್ಮನ್ನು ಲ್ಯಾಬಿನ ಸ್ಕೇಲಿನಲ್ಲಿ ಅಳೆದೆ, ಎರಡನೆಯದನ್ನು ಯೋಚಿಸದೆ ಇದರಲ್ಲಿ. ಹಿಗ್ಗಿದ ಗೆರೆಯಲ್ಲಿ ಅಳೆದರೆ ಅಂಕಿ ಕಡಿಮೆ ಬರುತ್ತದೆ. ಫಿಲ್ಮಿನಲ್ಲಿ ಚುಕ್ಕೆಗಳ ಅಂತರ ಕಡಿಮೆ ಬಂದಷ್ಟೂ ಹರಳು ದೊಡ್ಡದೆಂದು ಲೆಕ್ಕ. ಹಿಗ್ಗಿದ್ದು ಹರಳಲ್ಲ, ಗೆರೆ.

ಎಸ್‌ಟಿಡಿ ಬೂತಿನಿಂದ ನಮ್ಮ ಸರ್‌ಗೆ ಎಲ್ಲ ಹೇಳಿದೆ. "ಪದ ಇಟ್ಕೊಂಡಿರಮ್ಮ, ಅಂಥ ಹರಳು ಸಿಕ್ಕಾಗ ಹೇಳುವಂತೆ" ಎಂದರು. ಸೋಮವಾರ ಎರಡೂ ಸಮರೂಪಿ ಎಂದೇ ಹೇಳುತ್ತೇನೆ, ನನ್ನ ತಪ್ಪಿನ ಸಮೇತ.

ಅದು ಒಪ್ಪಿಕೊಳ್ಳಲು ಸುಲಭದ ತಪ್ಪು. ಕಷ್ಟದ್ದು ಇನ್ನೊಂದಿದೆ. ಸ್ಕೇಲು ಕಾಣೆಯಾದಾಗ ನೀವು ಕಾಂತರಾಜ್ ಮಾಮನಿಗೆ, ಫೌಂಡ್ರಿಯಲ್ಲಿ ಹದಿನೆಂಟು ವರ್ಷ ಒಂದೇ ಬೆಂಚಿನಲ್ಲಿ ದುಡಿದವರಿಗೆ, "ಸ್ಕೇಲಿಗೆ ಕಾಲು ಬಂತೇನೋ" ಎಂದಿರಿ. "ನಿನ್ ಸ್ಕೇಲ್ ತಗೊಂಡು ನಾನೇನು ಮುದ್ದೆ ತಿರುವ್ಲಾ" ಎಂದು ಅವರು ಎದ್ದು ಹೋದರು. ಮೂರು ವರ್ಷವಾಯಿತು, ನಿಮ್ಮಿಬ್ಬರ ಮಾತು ನಿಂತು. ಅಮ್ಮ ಫೋನಿನಲ್ಲಿ ಇದನ್ನು ಹೇಳಿದ ದಿನ ಸ್ಕೇಲು ನನ್ನ ಮೇಜಿನ ಮೇಲೇ ಇತ್ತು. ನಾನು ಬಾಯಿ ಬಿಡಲಿಲ್ಲ.

ಬೈಯುವುದಿದ್ದರೆ ನನ್ನನ್ನು ಬೈಯಿರಿ.

ನಿಮ್ಮ ಮಗಳು,
ರಂಜಿನಿ

ತಾ.ಕ.: ಸ್ಕೇಲನ್ನು ಕಳಿಸುತ್ತಿಲ್ಲ. ಇವತ್ತು ಭದ್ರಾವತಿಯ ದಾರಿಯಲ್ಲೇ ಮಾಚೇನಹಳ್ಳಿಯಲ್ಲಿ ಇಳಿದು, ಕಾಂತರಾಜ್ ಮಾಮನ ಮನೆಗೆ ಹೋಗಿ ಅವರಿಗೆ ಕೊಟ್ಟು ಎಲ್ಲ ಹೇಳಿದೆ. ಅಲ್ಲಿಂದ ಭದ್ರಾವತಿ ಬಸ್ಸು ಹತ್ತಲು ಧೈರ್ಯವಾಗಲಿಲ್ಲ. ಮಾಮ ಅದನ್ನು ಬಟ್ಟೆಯಲ್ಲಿ ಒರೆಸಿ ಗೂಡಿನಲ್ಲಿಟ್ಟು ಹೇಳಿದರು: "ಯಾರ ಕೈಲೂ ಕಳ್ಸಲ್ಲ. ನಿಮ್ಮಪ್ಪನೇ ಬಂದು ತಗೊಂಡ್ಹೋಗ್ಲಿ. ಊಟದ ಹೊತ್ತಿಗೆ ಬರಕ್ಕೇಳು."