ಎಡದ ಶಾಫ್ಟ್, ಬಲದ ಶಾಫ್ಟ್

ಅಕ್ಟೋಬರ್ 4, 2016, ಮಂಗಳವಾರ

ಬೆಳಗ್ಗೆ ಮತ್ತೆ ಎಳೆದೆವು. ಯಾರ್ಡಿನಲ್ಲೇ, ಲಾರಿಗೆ ಬ್ರೇಕ್ ಬಿಗಿದ ಟ್ರೇಲರ್ ಕಟ್ಟಿ. ಐದನೇ ಸಲ. ಆಕ್ಸಲ್ ಅಲುಗಲಿಲ್ಲ. ಸ್ಪ್ರಿಂಗ್ ಪ್ಲೇಟ್ ಕಿತ್ತು ಅದನ್ನು ನೇರವಾಗಿ ಚಾಸಿಗೆ ಬೋಲ್ಟ್ ಮಾಡಿದ್ದು ಸರಿಯಾಯಿತು. ಡಿಫರೆನ್ಷಿಯಲ್‌ಗೆ ಬೆಸುಗೆ ಹಾಕಿರುವುದರಿಂದ ಹಿಂದಿನ ಚಕ್ರಗಳೆರಡೂ ಒಟ್ಟಿಗೇ ಕಚ್ಚುತ್ತಿವೆ.

ಜನರಲ್ ಮ್ಯಾನೇಜರ್ ವಿಶ್ವನಾಥ್ ಮೇಲಿನ ಕಿಟಕಿಯಿಂದ ನೋಡುತ್ತಿದ್ದರು. ಇಳಿದು ಬಂದು, "ರಿಪೇರಿ ಶೆಡ್‌ನಲ್ಲಿ ಕೂತ್ಕೊಂಡು ರೇಸ್ ಗಾಡಿ ಮಾಡ್ತಿದ್ದೀರಾ ಕುಮುದಾ ಮೇಡಂ? ಇಪ್ಪತ್ತನೇ ತಾರೀಖು ಒಂದೇ ಚಾನ್ಸು. ಮುರೀತೋ, ಲಾರಿ ವಾಪಸ್ ಸಿಮೆಂಟ್ ಲೋಡ್‌ಗೆ" ಎಂದರು.

"ಮುರಿಯಲ್ಲ ಸರ್."

ಇಪ್ಪತ್ತು — ಮಶುಜಾ ಡೇ, ಈ ದೇಶದ ವೀರರ ದಿನದ ರಜೆ. ರುಯಿರು ಮೈದಾನದಲ್ಲಿ ಲಾರಿ ಕಂಪನಿಗಳ ಟ್ರಕ್ ಪುಲ್. ಕಾಂಕ್ರೀಟ್ ಹೇರಿದ ಸ್ಲೆಡ್ಡನ್ನು, ಚಕ್ರವಿಲ್ಲದ ಬಂಡಿಯನ್ನು, ಹೆಚ್ಚು ದೂರ ಎಳೆದವರು ಗೆದ್ದ ಹಾಗೆ. ಪೂರ್ತಿ ಅಂದರೆ ನೂರು ಮೀಟರ್.

ಅಕ್ಟೋಬರ್ 10, ಸೋಮವಾರ

ಆಯುಧಪೂಜೆ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಬೂದುಗುಂಬಳ ಒಡೆದದ್ದು ನಮ್ಮ ಗೇಟಿನ ಮುಂದೆ ಮಾತ್ರ ಇರಬೇಕು. ನ್ಗಾರಾ ಮಾರ್ಕೆಟ್ಟಿನಿಂದ ಹೂ ತರಿಸಿದ್ದೆ. ಹಿಂದಿನ ಚಕ್ರಗಳನ್ನು ತಿರುಗಿಸುವ ಎರಡೂ ಹಾಫ್‌ಶಾಫ್ಟ್ ಹೊರಗೆಳೆದು, ಥಿನ್ನರ್‌ನಲ್ಲಿ ಒರೆಸಿ, ಕುಂಕುಮ ಇಟ್ಟು, ಮಣೆಯ ಮೇಲೆ ಮಲಗಿಸಿದೆ. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

ಅಕ್ಟೋಬರ್ 11, ಮಂಗಳವಾರ

ಯಾವುದು ಎಡ, ಯಾವುದು ಬಲ?

ಪೇಂಟ್‌ನಲ್ಲಿ ಎಲ್, ಆರ್ ಬರೆದಿತ್ತು. ಪಂಚ್ ಹೊಡೆದರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆಂದು ಪೇಂಟ್ ಸಾಕು ಎಂದವಳು ನಾನು. ಥಿನ್ನರ್‌ನಲ್ಲಿ ಒರೆಸಿದವಳೂ ನಾನೇ.

ಉದ್ದ ಒಂದೇ. ನೋಡಲು ಅವಳಿ. ಆದರೆ ಐದು ಎಳೆತದಲ್ಲಿ ಎಡದ್ದು ಒಂದು ದಿಕ್ಕಿಗೆ ತಿರುಚಿಕೊಂಡಿದೆ, ಬಲದ್ದು ಅದರ ವಿರುದ್ಧಕ್ಕೆ. ಅದಲು ಬದಲಾದರೆ ಎರಡೂ ಉಲ್ಟಾ ತಿರುಚಿ ಒಂದು ಮುರಿಯಬಹುದು. ಫುಲ್ ಥ್ರಾಟಲ್‌ನಲ್ಲಿ ಮುರಿದರೆ ಲಾರಿ ಅಡ್ಡ ತಿರುಗುತ್ತದೆ. ಒಳಗೆ ಡ್ರೈವರ್ ಇರುತ್ತಾನೆ.

ಫಿಟ್ಟರ್ ಮುಟುವಾ — ಓಡಿಸಬೇಕಾದವನೂ ಅವನೇ — ನೋಡಿ ನಕ್ಕ. "ಪೋಲೆ, ಮಾಮಾ ಪ್ರಣತಿ. ನಿಮ್ಮ ದೇವರಿಗೆ ಪೇಂಟ್ ಅಂದ್ರೆ ಆಗಲ್ವಾ?" ಪೋಲೆ ಅಂದರೆ ಅಯ್ಯೋ ಪಾಪ; ಇಲ್ಲಿ ತಾಯಂದಿರನ್ನು ಮಕ್ಕಳ ಹೆಸರಿನಿಂದ ಕರೆಯುವುದು, ನನ್ನ ಮಗಳು ಪ್ರಣತಿ.

ಹೊಸ ಶಾಫ್ಟ್ ಬರಲು ಆರು ವಾರ. ಎಳೆದು ನೋಡೋಣವೆಂದರೆ ಟ್ರೇಲರ್ ಲೋಡ್ ಹೊತ್ತು ಮೊಂಬಾಸಾಗೆ ಹೋಗಿದೆ.

ಅಕ್ಟೋಬರ್ 15, ಶನಿವಾರ

ಮೂರು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ಇಂದು ಇದೆ. ಶಾಫ್ಟಿನ ತುದಿಯ ಹಲ್ಲುಗಳು ನೇರವಾಗಿ ಕೊರೆದವು. ತಿರುಚಿದ್ದರೆ ಅವೂ ವಾಲಿರಬೇಕಲ್ಲ? ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಸಂದಿಗೆ ತೆಳು ತಗಡಿನ ಫೀಲರ್ ಗೇಜ್ ತೂರಿಸಿದೆ. ಒಂದು ಕೊನೆಯಲ್ಲಿ ತೂರಿತು, ಇನ್ನೊಂದರಲ್ಲಿ ಇಲ್ಲ. ಕೂದಲೆಳೆಯಷ್ಟು ವಾಲಿಕೆ. ಇನ್ನೊಂದು ಶಾಫ್ಟ್‌ನಲ್ಲಿ ಸರಿಯಾಗಿ ಅದರ ವಿರುದ್ಧ. ಮುಂದಕ್ಕೆ ಎಳೆದಾಗ ಎಡದ್ದು ಯಾವ ಕಡೆಗೆ ವಾಲುತ್ತದೆಂಬುದು ಸುಲಭದ ಲೆಕ್ಕ.

ನನ್ನ ಉತ್ತರ ಚೀಟಿಯಲ್ಲಿ ಬರೆದು ಜೇಬಿಗಿಟ್ಟೆ. ಅದನ್ನು ಹೇಳದೆ ಮುಟುವಾನಿಂದಲೂ ಅಳೆಸಿದೆ. ಅವನೂ ಬರೆದ. ಎರಡೂ ಒಂದೇ.

ಅಕ್ಟೋಬರ್ 17, ಸೋಮವಾರ

ವಿಶ್ವನಾಥ್‌ಗೆ ನಡೆದದ್ದೆಲ್ಲ ಹೇಳಿದೆ. ಮುಚ್ಚಿಡುವಂಥದ್ದಲ್ಲ.

"ಕೂದಲೆಳೆ ನಂಬ್ಕೊಂಡು ಮುಟುವಾನ ಕೂರಿಸ್ತೀರಾ? ಅವನಿಗೂ ಹೆಂಡ್ತಿ ಮಕ್ಕಳು ಇಲ್ವೇನ್ರೀ?"

ಮಾತು ನ್ಯಾಯವಾದದ್ದೇ. ಅದಕ್ಕೇ ತಕ್ಷಣ ಉತ್ತರ ಬಂತು.

"ಮುಟುವಾ ಕೂರಲ್ಲ ಸರ್. ಡ್ರೈವರ್ ನಾನು. ಹೆವಿ ಲೈಸೆನ್ಸ್ ತಗೊಂಡು ನಾಲ್ಕು ವರ್ಷ ಆಯ್ತು."

"ಹೆಂಗಸರು ಯಾರೂ ಓಡಿಸಿಲ್ಲ ಅಲ್ಲಿ."

"ರೂಲ್ ಬುಕ್ ಓದಿದ್ದೀನಿ. ಹೆಲ್ಮೆಟ್ ಬೇಕು ಅಂತಿದೆ. ಮೀಸೆ ಬೇಕು ಅಂತ ಎಲ್ಲೂ ಇಲ್ಲ."

ನಗು ತಡೆಯಲಾಗದೆ ಸಹಿ ಹಾಕಿದರು.

ಮನೆಯಲ್ಲಿ ಗಂಡ ನರಸಿಂಹ ಊಟ ಬಿಟ್ಟೆದ್ದರು. "ನಿನ್ನ ಹಟಕ್ಕೆ ಯಾವ ಇನ್ಶೂರೆನ್ಸೂ ಸಿಗಲ್ಲ ಕಣೇ." ಬ್ಯಾಂಕಿನವರು, ಮಾತು ಅಲ್ಲಿಗೇ ಹೋಗುತ್ತದೆ. ಪ್ರಣತಿ ಮಾತ್ರ, "ಅಮ್ಮಾ, ಯು ಆರ್ ಡ್ರೈವಿಂಗ್? ಸೀರಿಯಸ್ಲಿ?" ಎಂದು ಮೊಸರನ್ನದ ತಟ್ಟೆ ಹಿಡಿದೇ ಕುಣಿದಳು. ಅವರು ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೂ ಹೋಗುತ್ತಿದ್ದೆ.

ಅಕ್ಟೋಬರ್ 20, ಗುರುವಾರ, ರುಯಿರು

ಬೆಳಗ್ಗೆ 11.20. ಎಳೆದಾಯಿತು. ನೂರು ಮೀಟರ್, ಪೂರ್ತಿ. ಅರವತ್ತನೇ ಮೀಟರ್ ಹತ್ತಿರ ಮುಂದಿನ ಚಕ್ರ ನೆಲ ಬಿಟ್ಟಿತು. ಆಕಾಶ ಮಾತ್ರ ಕಾಣುತ್ತಿತ್ತು. ಕಾಲು ತೆಗೆಯಲಿಲ್ಲ. ಮುಟುವಾ ಲಾರಿ ಕೆಳಗೆ ತೂರಿ, ಹಬ್ ಮುಟ್ಟಿ ನೋಡಿ, "ಸವಾ!" — ಸರಿಯಿದೆ — ಎಂದು ಕೂಗಿದ.

11.50. ನೂರು ಮುಟ್ಟಿದವರು ನಾನೂ ಸೇರಿ ಮೂರು ಜನ. ಮತ್ತೆ ಎಳೆಯಬೇಕು, ಹೆಚ್ಚಿನ ಭಾರಕ್ಕೆ. ವಿಶ್ವನಾಥ್ ಕ್ಯಾಬಿನ ಮೆಟ್ಟಿಲು ಹತ್ತಿ ಬಂದರು. "ಸಾಕು ಕುಮುದಾ ಅವರೇ, ಮರ್ಯಾದೆ ಉಳೀತು. ಲಾರಿ ನಿಮ್ಮ ಶೆಡ್‌ನಲ್ಲೇ ಇರ್ಲಿ, ಮಾತು ಕೊಡ್ತೀನಿ. ಇಲ್ಲಿಗೆ ನಿಲ್ಸೋಣ."

"ಮರ್ಯಾದೆ ಉಳಿಸ್ಕೊಳ್ಳೋಕೆ ಬಂದಿಲ್ಲ ಸರ್. ಎಳೆಯೋಕೆ ಬಂದಿದ್ದೀನಿ. ಇಳೀರಿ, ಬಾಗಿಲು ಹಾಕ್ಬೇಕು."

ಇಳಿದರು.

12.10. ಸ್ಲೆಡ್ಡಿಗೆ ಇನ್ನೆರಡು ಕಾಂಕ್ರೀಟ್ ದಿಮ್ಮಿ ಏರಿಸಿದರು. ಮೊದಲಿನವನು ಎಪ್ಪತ್ತೊಂದಕ್ಕೆ ನಿಂತ. ಎರಡನೆಯವನು ಎಪ್ಪತ್ತಾರು. ಚೈನ್ ನನಗೆ ಸಿಕ್ಕಿಸುತ್ತಿದ್ದಾರೆ. ಅಕ್ಷರ ನೆಟ್ಟಗಿದೆ. ಗೆಲ್ಲಲು ಎಪ್ಪತ್ತೇಳು ಸಾಕು, ಆದರೆ ನಾನು ನೂರಕ್ಕೇ ಎಳೆಯುವುದು. ಬಾವುಟ ಎತ್ತಿದರು —